ಬಸ್ ಬಂದಿಲ್ಲ, ಬಸ್ ಬರಲಿಲ್ಲ: ‘ಹ್ಯಾವ್’ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು. ಕನ್ನಡ ಮೀಡಿಯಂನಲ್ಲಿ ಓದಿದವಳು. 2022ರಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಆಮೇಲೆ ಎರಡು ವರ್ಷ ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆದೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಮೊನ್ನೆ ಬೆಂಗಳೂರಿನ ಒಂದು ಕಂಪನಿಯವರು ಫೋನಿನಲ್ಲಿ ಇಂಟರ್‌ವ್ಯೂ ಮಾಡಿದರು. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2022’ ಅಂದೆ. ‘ಐ ಹ್ಯಾವ್ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಟೂ ಇಯರ್ಸ್’ ಅಂದೆ. ಅವರು ‘ಸೋ, ಯೂ ಆರ್ ಸ್ಟಿಲ್ ವರ್ಕಿಂಗ್ ದೇರ್?’ ಅಂತ ಕೇಳಿದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಪ್ರೆಸೆಂಟ್ ಪರ್ಫೆಕ್ಟ್ ರೂಲ್ ಬಾಯಿಪಾಠ ಬರುತ್ತೆ. ಹ್ಯಾವ್ ಅಥವಾ ಹ್ಯಾಸ್, ಮುಂದೆ ವಿ-3, ಅಂದರೆ ಗಾನ್, ಈಟನ್ ಥರ ಕ್ರಿಯಾಪದದ ಮೂರನೇ ರೂಪ. ಆದರೆ ಮಾತಾಡುವಾಗ ಅದನ್ನು ಯಾವಾಗ ಹಾಕಬೇಕು, ಯಾವಾಗ ಬಿಡಬೇಕು ಅಂತ ಗೊತ್ತಾಗಲ್ಲ. ‘ಹೋಗಿದ್ದೆ’ ಅನ್ನೋದಕ್ಕೆ ‘ಹ್ಯಾಡ್ ಗಾನ್’ ಅನ್ನಬಹುದಾ? ಮುಂದಿನ ವಾರ ಎರಡನೇ ರೌಂಡ್ ಇದೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಮೊದಲು ನಿಮ್ಮ ಪತ್ರದ ಕನ್ನಡವನ್ನೇ ನೋಡೋಣ. ‘2022ರಲ್ಲಿ ಬಿ.ಕಾಂ. ಮುಗಿಸಿದ್ದೇನೆ’ ಅಂತ ಬರೆದಿದ್ದೀರಿ. ‘ಎರಡು ವರ್ಷ ಲೆಕ್ಕ ಬರೆದೆ’ ಅಂತಲೂ ಬರೆದಿದ್ದೀರಿ. ಕನ್ನಡದಲ್ಲಿ ಎರಡೂ ಸರಿ. ಆದರೆ ಮೊದಲನೆಯದನ್ನು ಹಾಗೇ ಇಂಗ್ಲಿಷಿಗೆ ಎತ್ತಿಟ್ಟರೆ ತಪ್ಪಾಗುತ್ತದೆ. ಎರಡನೆಯದನ್ನು ಹಾಗೇ ಎತ್ತಿಟ್ಟಿದ್ದರೆ ಸರಿಯಾಗುತ್ತಿತ್ತು. ಅಲ್ಲಿ ನೀವಾಗಿ ಒಂದು ‘ಹ್ಯಾವ್’ ಸೇರಿಸಿಬಿಟ್ಟಿರಿ.

ರೂಲ್ ನಿಮಗೆ ಬರುತ್ತೆ. ತೊಡಕು ಇರುವುದು ಕನ್ನಡದ ‘ಇದ್ದೇನೆ’ ಮತ್ತು ಇಂಗ್ಲಿಷಿನ ‘ಹ್ಯಾವ್’ ನಡುವೆ. ಅವೆರಡೂ ಅಕ್ಕತಂಗಿಯರ ಹಾಗೆ. ಮುಖ ಹೋಲುತ್ತೆ, ಸಂಸಾರ ಬೇರೆ ಬೇರೆ.

ಚಿತ್ರದುರ್ಗದಲ್ಲಿ ನಾನು ಬಹಳ ವರ್ಷ ಪಿಯು ಮತ್ತು ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದೇನೆ. ಮೊದಮೊದಲು ಬೋರ್ಡಿನ ಮೇಲೆ ಉದ್ದ ಗೆರೆ ಎಳೆದು, ಇದು ಪಾಸ್ಟ್, ಇದು ಪ್ರೆಸೆಂಟ್ ಅಂತ ತೋರಿಸುತ್ತಿದ್ದೆ. ಮಕ್ಕಳು ತಲೆ ಆಡಿಸುತ್ತಿದ್ದರು. ಉತ್ತರ ಪತ್ರಿಕೆಯಲ್ಲಿ ಮತ್ತೆ ಅದೇ ತಪ್ಪು. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ದಾವಣಗೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಮಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ‘ಬಸ್ ಇನ್ನೂ ಬಂದಿಲ್ಲ ಕಣಪ್ಪ, ಇಲ್ಲೇ ನಿಂತೀನಿ. ನಿನ್ನೆನೂ ಹಿಂಗೇ ಆತು. ಬಸ್ಸು ಬರ್ಲೇ ಇಲ್ಲ, ಆಟೋದಾಗೆ ಹೋದೆ’ ಅಂದರು.

ಬಂದಿಲ್ಲ. ಬರ್ಲೇ ಇಲ್ಲ. ಒಂದೇ ಉಸಿರಿನಲ್ಲಿ ಎರಡು ಬೇರೆ ‘ಇಲ್ಲ’. ಅಜ್ಜಿ ಒಂದನ್ನೂ ತಪ್ಪು ಜಾಗದಲ್ಲಿ ಇಡಲಿಲ್ಲ. ‘ಬಂದಿಲ್ಲ’ ಅನ್ನುವಾಗ ಅವರು ಇನ್ನೂ ಕಾಯುತ್ತಿದ್ದಾರೆ. ಬಸ್ಸು ಈಗಲೂ ಬರಬಹುದು. ‘ಬರ್ಲೇ ಇಲ್ಲ’ ಅನ್ನುವುದು ನಿನ್ನೆಯ ಕಥೆ. ಅದು ಮುಗಿಯಿತು. ಇನ್ನು ಆ ಬಸ್ಸು ಬಂದರೂ ಏನೂ ಉಪಯೋಗವಿಲ್ಲ.

ಈಗ ಇಂಗ್ಲಿಷಿನಲ್ಲಿ ಹೇಳಿ ನೋಡಿ. ‘ದಿ ಬಸ್ ಹ್ಯಾಸ್ ನಾಟ್ ಕಮ್ ಯೆಟ್.’ ‘ಯೆಸ್ಟರ್ಡೇ ದಿ ಬಸ್ ಡಿಡ್ ನಾಟ್ ಕಮ್.’ ಅಜ್ಜಿಯ ಎರಡು ‘ಇಲ್ಲ’ಗಳು ಇಂಗ್ಲಿಷಿನ ಎರಡು ಟೆನ್ಸ್‌ಗಳ ಮೇಲೆ ಸರಿಯಾಗಿ ಕೂತವು, ಅಲ್ವಾ? ಮಾರನೇ ದಿನದಿಂದ ನನ್ನ ಪಾಠವೇ ಬದಲಾಯಿತು.

ನಿಮಗೂ ಅದನ್ನೇ ಹೇಳುತ್ತೇನೆ. ‘ಹ್ಯಾವ್’ ಬೇಕೋ ಬೇಡವೋ ಅಂತ ಸಂಶಯ ಬಂದಾಗ, ಅದೇ ಮಾತನ್ನು ಕನ್ನಡದಲ್ಲಿ ‘ಇಲ್ಲ’ ಹಾಕಿ ಹೇಳಿಕೊಳ್ಳಿ. ಬಾಯಿಗೆ ಸಹಜವಾಗಿ ತಿಂದಿಲ್ಲ, ನೋಡಿಲ್ಲ, ಕೊಟ್ಟಿಲ್ಲ, ಕಲಿತಿಲ್ಲ ಅಂತ ಬಂದರೆ ಅದು ಹ್ಯಾವ್ ಕಡೆಯ ಮಾತು. ತಿನ್ನಲಿಲ್ಲ, ನೋಡಲಿಲ್ಲ, ಕೊಡಲಿಲ್ಲ, ಕಲಿಯಲಿಲ್ಲ ಅಂತ ಬಂದರೆ ಅದು ಸಿಂಪಲ್ ಪಾಸ್ಟ್ ಕಡೆಯ ಮಾತು. ಕೊನೆಯ ‘ಲ್ಲ’ಕ್ಕೆ ಅಂಟಿಕೊಂಡೇ ಒಂದು ‘ಲಿ’ ಇದೆಯಾ ಇಲ್ಲವಾ, ಅಷ್ಟು ನೋಡಿದರೆ ಸಾಕು.

ಸುಮ್ನೆ ಇರುವ ವಾಕ್ಯವನ್ನು ಬಿಟ್ಟು ‘ಇಲ್ಲ’ ಯಾಕೆ ಹಾಕಬೇಕು ಅಂತ ನೀವು ಕೇಳಬಹುದು. ಯಾಕಂದರೆ ‘ಹೌದು’ ಅನ್ನುವ ವಾಕ್ಯದಲ್ಲಿ ಕನ್ನಡ ಈ ವ್ಯತ್ಯಾಸವನ್ನು ಎಷ್ಟೋ ಸಲ ಮುಚ್ಚಿಡುತ್ತದೆ. ನಮ್ಮ ಕಡೆ ಯಾರು ಎದುರಾದರೂ ಕೇಳುವ ಮೊದಲ ಮಾತು ‘ಊಟ ಆಯ್ತಾ?’ ಇದರಲ್ಲಿ ‘ಆಯ್ತು’ ಅನ್ನುವುದು ಬರೀ ಭೂತಕಾಲ. ‘ಇದೆ’, ‘ಇದ್ದೇನೆ’ ಏನೂ ಇಲ್ಲ. ಅದಕ್ಕೇ ಮಕ್ಕಳು ‘ಡಿಡ್ ಯೂ ಹ್ಯಾವ್ ಲಂಚ್?’ ಅಂತ ಶುರು ಮಾಡುತ್ತಾರೆ. ಆದರೆ ಈ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರ ಕೊಡುವಾಗ ಏನನ್ನುತ್ತೀರಿ? ‘ಇಲ್ಲ, ಇನ್ನೂ ಆಗಿಲ್ಲ.’ ಸಾಮಾನ್ಯವಾಗಿ ‘ಇನ್ನೂ ಆಗಲಿಲ್ಲ’ ಅನ್ನುವುದಿಲ್ಲ. ಮುಚ್ಚಿದ್ದು ಹೊರಗೆ ಬಂತು ನೋಡಿ. ಮಧ್ಯಾಹ್ನ ಒಂದೂವರೆಗೆ ಸಹೋದ್ಯೋಗಿ ಎದುರಾದರೆ ಕೇಳಬೇಕಾದ್ದು ‘ಹ್ಯಾವ್ ಯೂ ಹ್ಯಾಡ್ ಲಂಚ್?’

ಅಲ್ಲಿ ಎರಡು ಹ್ಯಾವ್ ಬಂತಲ್ಲ ಅಂತ ಹೆದರಬೇಡಿ. ಮೊದಲನೆಯದು ಟೆನ್ಸಿಗೆ ಬಂದ ಸಹಾಯಕ. ಎರಡನೆಯದು ಊಟ ಮಾಡುವುದು ಅನ್ನುವ ಅರ್ಥದ ‘ಹ್ಯಾವ್’. ಅದರ ವಿ-3 ‘ಹ್ಯಾಡ್’. ಅದೇ ರಾತ್ರಿ ಮನೆಯಲ್ಲಿ ಅಮ್ಮ ‘ಮಧ್ಯಾಹ್ನ ಊಟ ಮಾಡಿದೆಯಾ?’ ಅಂತ ಕೇಳುತ್ತಾರಲ್ಲ, ಅದು ‘ಡಿಡ್ ಯೂ ಹ್ಯಾವ್ ಲಂಚ್?’ ಮಧ್ಯಾಹ್ನ ಆಗಲೇ ಮುಗಿದಿದೆ. ಮಾಡಿರದಿದ್ದರೆ ನೀವೂ ‘ಮಾಡಲಿಲ್ಲ ಅಮ್ಮ’ ಅನ್ನುತ್ತೀರಿ. ಮತ್ತೆ ‘ಲಿ’ ಬಂತು.

ಈ ಪರೀಕ್ಷೆ ಯಾಕೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದರೆ ಮನಸ್ಸಿಗೆ ಧೈರ್ಯ. ‘ಬಂದಿದ್ದೇನೆ’ ಅನ್ನುವುದನ್ನು ಬಿಡಿಸಿದರೆ ‘ಬಂದು ಇದ್ದೇನೆ’. ಬರುವುದು ಹಿಂದೆ ನಡೆದದ್ದು, ಇರುವುದು ಈಗ. ಇಂಗ್ಲಿಷಿನವರು ‘ಇರು’ ಬದಲು ‘ಹ್ಯಾವ್’ ಹಿಡಿದುಕೊಂಡರು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ನಾನು ಹಿಡಿದ ಮೀನನ್ನು ಹೊಂದಿದ್ದೇನೆ’ ಅನ್ನುವ ಥರ ಹೇಳುತ್ತಿದ್ದರು. ಅಂದರೆ ಮೀನು ಹಿಡಿದಾಗಿದೆ, ಅದು ಈಗ ನನ್ನ ಕೈಲಿದೆ. ಬರಬರುತ್ತಾ ಅದೇ ‘ಐ ಹ್ಯಾವ್ ಕಾಟ್ ದಿ ಫಿಶ್’ ಆಯಿತು. ಬರುವುದು, ಹೋಗುವುದು ಇಂಥ ಕ್ರಿಯೆಗಳಿಗಂತೂ ಅವರೂ ಬಹಳ ಕಾಲ ನಮ್ಮ ಹಾಗೇ ‘ಇರು’ ಬಳಸುತ್ತಿದ್ದರು. ‘ಹೀ ಈಸ್ ಕಮ್’ ಅನ್ನುತ್ತಿದ್ದರು. ‘ಹೀ ಈಸ್ ಗಾನ್’ ಅನ್ನುವುದು ಇವತ್ತಿಗೂ ಉಳಿದಿದೆ. ಹಾಗಾಗಿ ಪ್ರೆಸೆಂಟ್ ಪರ್ಫೆಕ್ಟ್ ಹೆಸರಿನಲ್ಲಿ ಪ್ರೆಸೆಂಟ್ ಅಂತ ಇರುವುದಕ್ಕೆ ಕಾರಣ ಇದೆ. ಮಾತಿನ ಒಂದು ಕಾಲು ಈಗಿನಲ್ಲಿ ಊರಿರುತ್ತದೆ.

ಇನ್ನು ಅಕ್ಕತಂಗಿಯರು ಬೇರೆಯಾಗುವ ಜಾಗಕ್ಕೆ ಬರೋಣ. ನಿಮ್ಮ ಬಿ.ಕಾಂ. ವಾಕ್ಯ ಎಡವಿದ್ದು ಇಲ್ಲೇ.

ಕನ್ನಡದಲ್ಲಿ ‘2022ರಲ್ಲಿ ಮುಗಿಸಿದ್ದೇನೆ’ ಅನ್ನಬಹುದು. ‘ನಿನ್ನೆನೇ ಕೊಟ್ಟಿದ್ದೀನಿ’ ಅನ್ನಬಹುದು. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ನೋಡಿ ‘ರಾತ್ರಿ ಮಳೆ ಬಂದಿದೆ’ ಅನ್ನುತ್ತೇವೆ. ಮಳೆಯ ಗುರುತು ಕಣ್ಣೆದುರು ಇದೆ, ಅದಕ್ಕೇ ‘ಬಂದಿದೆ’. ನಮ್ಮ ‘ಇದೆ’, ‘ಇದ್ದೇನೆ’ಗಳಿಗೆ ಮುಗಿದ ದಿನ, ಮುಗಿದ ವರ್ಷದ ಜೊತೆ ಕೂರುವುದಕ್ಕೆ ಯಾವ ತಕರಾರೂ ಇಲ್ಲ. ಇಂಗ್ಲಿಷಿನ ಹ್ಯಾವ್ ಮಾತ್ರ ಅವುಗಳ ಜೊತೆ ಕೂರುವುದೇ ಇಲ್ಲ. ಯೆಸ್ಟರ್ಡೇ, ಲಾಸ್ಟ್ ನೈಟ್, ಲಾಸ್ಟ್ ಇಯರ್, ಟೂ ಡೇಸ್ ಅಗೋ, ಇನ್ 2022, ಇವು ಬಂದ ಕೂಡಲೇ ಹ್ಯಾವ್ ಎದ್ದು ಹೋಗಬೇಕು. ‘ಇಟ್ ರೇನ್ಡ್ ಲಾಸ್ಟ್ ನೈಟ್.’ ‘ಐ ಗೇವ್ ಇಟ್ ಯೆಸ್ಟರ್ಡೇ.’ ‘ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2022.’ ವರ್ಷ ಹೇಳದೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಕಾಂ.’ ಅಂದರೆ ಪೂರ್ತಿ ಸರಿ. ಆಗ ‘ಡಿಗ್ರಿ ಈಗ ನನ್ನ ಕೈಲಿದೆ’ ಅನ್ನುವ ಅರ್ಥ ಬರುತ್ತದೆ. ಎರಡರಲ್ಲಿ ಯಾವುದಾದರೂ ಒಂದು ಹೇಳಿ. ವರ್ಷವನ್ನೂ ಹ್ಯಾವನ್ನೂ ಒಟ್ಟಿಗೆ ಹೇಳಬೇಡಿ.

ನಮ್ಮ ಮಾತಿನಲ್ಲಿ ‘ನಿನ್ನೆ ಅವನು ಬಂದಿಲ್ಲ’ ಅಂತಲೂ ಕೇಳುತ್ತೇವೆ. ಅಲ್ಲಿ ‘ಲಿ’ ಇಲ್ಲ, ಆದರೆ ‘ನಿನ್ನೆ’ ಇದೆ. ಅಂಥ ಕಡೆ ‘ಇಲ್ಲ’ ಪರೀಕ್ಷೆಯನ್ನು ಬದಿಗಿಡಿ. ಮುಗಿದ ಕಾಲದ ಹೆಸರು ವಾಕ್ಯದಲ್ಲಿ ಇದ್ದರೆ ಅದರ ಮಾತೇ ಕೊನೆಯ ಮಾತು. ‘ವೆನ್’ ಅಂತ ಪ್ರಶ್ನೆ ಕೇಳುವಾಗಲೂ ಇದೇ. ‘ಯಾವಾಗ ಬಂದಿದ್ದೀರಿ?’ ಅನ್ನುವುದು ‘ವೆನ್ ಹ್ಯಾವ್ ಯೂ ಕಮ್?’ ಆಗುವುದಿಲ್ಲ. ‘ವೆನ್ ಡಿಡ್ ಯೂ ಕಮ್?’

ಇಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದ. ಹರಿಹರದ ಹರಿಹರೇಶ್ವರ ದೇವಸ್ಥಾನದ ಬಗ್ಗೆ ಪ್ರಬಂಧ ಬರೆದಿದ್ದ. ‘ದಿ ಹೊಯ್ಸಳಾಸ್ ಹ್ಯಾವ್ ಬಿಲ್ಟ್ ದಿಸ್ ಟೆಂಪಲ್’ ಅಂತ ಶುರು ಮಾಡಿದ್ದ. ನಾನು ‘ಹ್ಯಾವ್’ ಹೊಡೆದು ಹಾಕಿದೆ. ‘ಮೇಡಂ, ದೇವಸ್ಥಾನ ಈಗಲೂ ಇದೆಯಲ್ಲ, ಫಲ ಕಣ್ಣೆದುರೇ ಇದೆಯಲ್ಲ, ಮತ್ತೆ ಯಾಕೆ ಬೇಡ?’ ಅಂದ. ಕನ್ನಡದಲ್ಲಿ ‘ಹೊಯ್ಸಳರು ಕಟ್ಟಿಸಿದ್ದಾರೆ’ ಅನ್ನುತ್ತೇವಾದ್ದರಿಂದ ಅವನ ಸಂಶಯ ಸಹಜವೇ. ಆದರೆ ಆ ವಾಕ್ಯದ ಕರ್ತೃ ಹೊಯ್ಸಳರು. ಅವರ ಕಾಲ ಮುಗಿದಿದೆ. ಕಟ್ಟಿದ ಕೆಲಸ 13ನೇ ಶತಮಾನದಲ್ಲೇ ಮುಗಿದಿದೆ. ಹಾಗಾಗಿ ‘ದಿ ಹೊಯ್ಸಳಾಸ್ ಬಿಲ್ಟ್ ಇಟ್.’ ದೇವಸ್ಥಾನವನ್ನೇ ಕರ್ತೃ ಮಾಡಿದರೆ ಆಗ ಹ್ಯಾವ್ ಮರಳಿ ಬರುತ್ತದೆ. ‘ಇಟ್ ಹ್ಯಾಸ್ ಸ್ಟುಡ್ ಹಿಯರ್ ಫಾರ್ ಅಬೌಟ್ 800 ಇಯರ್ಸ್.’ ಸುಮಾರು 800 ವರ್ಷದಿಂದ ಇಲ್ಲಿ ನಿಂತಿದೆ, ಈಗಲೂ ನಿಂತಿದೆ. ತೀರಿಹೋದ ಹಿರಿಯರ ಬಗ್ಗೆ ಹೇಳುವಾಗಲೂ ಇದನ್ನು ನೆನಪಿಡಿ. ಅವರು ಏನೇನು ಮಾಡಿದರು ಅನ್ನುವುದಕ್ಕೆ ಸಿಂಪಲ್ ಪಾಸ್ಟ್ ಹಾಕುವುದೇ ಇಂಗ್ಲಿಷಿನ ವಾಡಿಕೆ.

ಈಗ ಜವಳಿ ಅಂಗಡಿಗೆ ಬರೋಣ. ನಿಮ್ಮ ಇಂಟರ್‌ವ್ಯೂನಲ್ಲಿ ಗಲಿಬಿಲಿ ಆದದ್ದು ಇಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

‘ಐ ಹ್ಯಾವ್ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಟೂ ಇಯರ್ಸ್’ ಅಂದಾಗ ಅವರ ಕಿವಿಗೆ ‘ಎರಡು ವರ್ಷದಿಂದ ಜವಳಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ’ ಅಂತ ಬಿತ್ತು. ನೀವು ಹೇಳಬೇಕು ಅಂದುಕೊಂಡದ್ದು ‘ಎರಡು ವರ್ಷ ಕೆಲಸ ಮಾಡಿದೆ, ಬಿಟ್ಟೆ’ ಅಂತ. ಅವರು ಕೇಳಿದ ‘ಸ್ಟಿಲ್ ವರ್ಕಿಂಗ್ ದೇರ್?’ ಅನ್ನುವ ಪ್ರಶ್ನೆಯಲ್ಲಿ ಕೊಂಕು ಏನೂ ಇರಲಿಲ್ಲ. ನಿಮ್ಮ ಹ್ಯಾವ್ ಅವರಿಗೆ ಹಾಗೆ ತಿಳಿಸಿತು, ಅಷ್ಟೇ. ಕೆಲಸ ಬಿಟ್ಟಿದ್ದರೆ ‘ಐ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಟೂ ಇಯರ್ಸ್.’ ಇನ್ನೂ ಅಲ್ಲೇ ಇದ್ದರೆ ಹ್ಯಾವ್.

ಕನ್ನಡದಲ್ಲಿ ಈ ವ್ಯತ್ಯಾಸವನ್ನು ಹೊತ್ತಿರುವುದು ‘ಇಂದ’ ಅನ್ನುವ ಎರಡಕ್ಷರ. ‘ಎರಡು ವರ್ಷ ಮಾಡಿದೆ’ ಅಂದರೆ ಮುಗಿದದ್ದು. ‘ಎರಡು ವರ್ಷದಿಂದ ಮಾಡ್ತಿದ್ದೀನಿ’ ಅಂದರೆ ನಡೆಯುತ್ತಿರುವುದು. ಆದರೆ ಈ ಎರಡನೆಯದರಲ್ಲಿ ಕನ್ನಡದ ಕ್ರಿಯೆ ವರ್ತಮಾನದಲ್ಲೇ ಇರುತ್ತದೆ. ‘ಇಪ್ಪತ್ತು ವರ್ಷದಿಂದ ದಾವಣಗೆರೆಯಲ್ಲಿದ್ದೇನೆ’ ಅನ್ನುತ್ತೇವೆ. ಅದಕ್ಕೇ ನಮ್ಮವರ ಬಾಯಲ್ಲಿ ‘ಐ ಆಮ್ ಲಿವಿಂಗ್ ಇನ್ ದಾವಣಗೆರೆ ಸಿನ್ಸ್ ಟ್ವೆಂಟಿ ಇಯರ್ಸ್’ ಅಂತ ಬರುತ್ತದೆ. ಆ ಒಂದೇ ವಾಕ್ಯದಲ್ಲಿ ಎರಡು ತಪ್ಪಿದೆ, ಎರಡೂ ಹುಟ್ಟಿದ್ದು ‘ಇಂದ’ದಿಂದಲೇ. ಸರಿಯಾದದ್ದು ‘ಐ ಹ್ಯಾವ್ ಲಿವ್ಡ್ ಇನ್ ದಾವಣಗೆರೆ ಫಾರ್ ಟ್ವೆಂಟಿ ಇಯರ್ಸ್.’ ‘ಹ್ಯಾವ್ ಬೀನ್ ಲಿವಿಂಗ್’ ಅಂದರೂ ಸರಿ.

ಮೊದಲ ತಪ್ಪು ಹ್ಯಾವ್ ಬಿಟ್ಟದ್ದು. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ, ಎಷ್ಟು ಕಾಲದಿಂದ ಅಂತ ಹೇಳುವಾಗ, ಇಂಗ್ಲಿಷಿಗೆ ಹ್ಯಾವ್ ಬೇಕೇ ಬೇಕು. ‘ಅವರನ್ನು ಹತ್ತು ವರ್ಷದಿಂದ ಬಲ್ಲೆ’ ಅನ್ನುವುದು ‘ಐ ಹ್ಯಾವ್ ನೋನ್ ಹರ್ ಫಾರ್ ಟೆನ್ ಇಯರ್ಸ್.’ ‘ಐ ಆಮ್ ನೋಯಿಂಗ್’ ಅಂತ ಎಂದೂ ಇಲ್ಲ. ‘ಎಷ್ಟೊತ್ತಿಂದ ಕಾಯ್ತಿದ್ದೀರಿ?’ ಅನ್ನುವುದು ‘ಹೌ ಲಾಂಗ್ ಹ್ಯಾವ್ ಯೂ ಬೀನ್ ವೇಟಿಂಗ್?’

ಎರಡನೆಯ ತಪ್ಪು ‘ಸಿನ್ಸ್’. ನಮಗೆ ‘2015ರಿಂದ’ ಅನ್ನುವಲ್ಲೂ ‘ಇಂದ’, ‘ಹತ್ತು ವರ್ಷದಿಂದ’ ಅನ್ನುವಲ್ಲೂ ‘ಇಂದ’. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ. ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ‘ಇಲ್ಲಿಂದ’ ಅಂತ ತೋರಿಸಬಹುದಾದರೆ ಸಿನ್ಸ್. ಸೋಮವಾರದಿಂದ, ಯುಗಾದಿಯಿಂದ, 2015ರಿಂದ, ಮದುವೆ ಆದಾಗಿನಿಂದ, ಇವೆಲ್ಲ ಸಿನ್ಸ್. ಬಟ್ಟೆ ಅಳೆದ ಹಾಗೆ ಇಷ್ಟುದ್ದ ಅಂತ ಅಳೆದು ಹೇಳುವುದಾದರೆ ಫಾರ್. ಮೂರು ದಿನ, ಹತ್ತು ವರ್ಷ, ಬಹಳ ಹೊತ್ತು. ಜವಳಿ ಅಂಗಡಿಯಲ್ಲಿ ಇದ್ದವರು ನೀವು, ಮೀಟರಿನ ಲೆಕ್ಕ ನಿಮಗೆ ಮರೆಯುವುದಿಲ್ಲ. ಫಾರ್ ಎರಡು ಕಡೆಯೂ ಬರುತ್ತದೆ. ಹ್ಯಾವ್ ಜೊತೆಗೂ ಬರುತ್ತದೆ, ಮುಗಿದ ಕಥೆಯ ಜೊತೆಗೂ ಬರುತ್ತದೆ. ಆದ್ದರಿಂದ ‘ಫಾರ್ ಇದೆ, ಹ್ಯಾವ್ ಹಾಕೋಣ’ ಅಂತ ಯಾವತ್ತೂ ಅಂದುಕೊಳ್ಳಬೇಡಿ. ನೀವು ಮೊನ್ನೆ ಹಾಗೇ ಅಂದುಕೊಂಡಿರಿ ಅಂತ ನನಗೆ ಅನ್ನಿಸುತ್ತದೆ.

‘ನಾಳೆಯಿಂದ ಬರ್ತೀನಿ’ ಅನ್ನುವ ‘ಇಂದ’ಕ್ಕೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ಮುಂದಿನದು. ‘ಫ್ರಮ್ ಟುಮಾರೋ’ ಅಂದರೆ ಮುಗಿಯಿತು.

‘ಇಂದ’ ಮತ್ತು ‘ಇಲ್ಲ’ ಒಂದೇ ವಾಕ್ಯದಲ್ಲಿ ಸೇರಿದಾಗ ಎರಡು ಭಾಷೆಯೂ ಒಂದೇ ದಾರಿಗೆ ಬರುತ್ತವೆ. ‘ಒಂದು ವಾರದಿಂದ ಅವಳು ಕ್ಲಾಸಿಗೆ ಬಂದಿಲ್ಲ.’ ‘ಶೀ ಹ್ಯಾಸ್ ನಾಟ್ ಕಮ್ ಟು ಕ್ಲಾಸ್ ಫಾರ್ ಎ ವೀಕ್.’ ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ನಮ್ಮ ಹಿರಿಯೂರಿನ ಮಾರಿಕಣಿವೆ, ವಾಣಿವಿಲಾಸ ಸಾಗರ. 1933ರಲ್ಲಿ ಆ ಜಲಾಶಯ ಕೋಡಿ ಬಿದ್ದಿತ್ತು. ಆಮೇಲೆ ಎಷ್ಟೋ ಮಳೆಗಾಲ ಬಂದು ಹೋದವು. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಹಿರಿಯರು ಹೇಳುತ್ತಿದ್ದದ್ದು ಒಂದೇ ಮಾತು: ‘1933ರಿಂದ ಮಾರಿಕಣಿವೆ ಕೋಡಿ ಬಿದ್ದಿಲ್ಲ.’ ನಾನು ಅದನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ‘ದಿ ಡ್ಯಾಮ್ ಹ್ಯಾಸ್ ನಾಟ್ ಓವರ್‌ಫ್ಲೋಡ್ ಸಿನ್ಸ್ 1933.’

2022ರಲ್ಲಿ ಕೋಡಿ ಬಿತ್ತು. 89 ವರ್ಷದ ಮೇಲೆ. ಬಯಲುಸೀಮೆಯ ಜನ ಆ ನೀರು ನೋಡುವುದಕ್ಕೆ ಓಡೋಡಿ ಹೋದರು. ಅವತ್ತಿನ ಸುದ್ದಿಯನ್ನು ಹೇಳುವುದಾದರೆ ‘ದಿ ಡ್ಯಾಮ್ ಹ್ಯಾಸ್ ಓವರ್‌ಫ್ಲೋಡ್!’ ಈಗ ತಾನೇ ಆದದ್ದು, ಎಲ್ಲರಿಗೂ ಬೇಕಾದ ಸುದ್ದಿ. ಇವತ್ತು ಅದನ್ನು ನೆನೆದು ಹೇಳುವಾಗ ‘ಇಟ್ ಓವರ್‌ಫ್ಲೋಡ್ ಇನ್ 2022.’ ವರ್ಷ ಬಂತು, ಹ್ಯಾವ್ ಹೋಯಿತು. ನನ್ನ ಬೋರ್ಡಿನ ಹಳೆಯ ವಾಕ್ಯ ಇನ್ನು ಸುಳ್ಳು. ಅದನ್ನು ಈಗ ಹೇಳಬೇಕಾದರೆ ‘ವೆನ್ ಇಟ್ ಓವರ್‌ಫ್ಲೋಡ್ ಇನ್ 2022, ಇಟ್ ಹ್ಯಾಡ್ ನಾಟ್ ಓವರ್‌ಫ್ಲೋಡ್ ಫಾರ್ 89 ಇಯರ್ಸ್’ ಅನ್ನಬೇಕು.

ಇಲ್ಲಿಗೆ ನಿಮ್ಮ ‘ಹ್ಯಾಡ್ ಗಾನ್’ ಪ್ರಶ್ನೆಗೂ ದಾರಿ ಸಿಕ್ಕಿತು. ಹ್ಯಾಡ್ ಒಂಟಿಯಾಗಿ ಬರುವುದಿಲ್ಲ. ಹಿಂದೆ ನಡೆದ ಎರಡು ಸಂಗತಿ ಬೇಕು. ಅದರಲ್ಲಿ ಯಾವುದು ಮೊದಲು ನಡೆಯಿತೋ ಅದಕ್ಕೆ ಹ್ಯಾಡ್. ಕೋಡಿ ಬಿದ್ದದ್ದು ಒಂದು ಸಂಗತಿ, ಅದಕ್ಕಿಂತ ಮುಂಚೆ 89 ವರ್ಷ ಬೀಳದೆ ಇದ್ದದ್ದು ಇನ್ನೊಂದು. ಕನ್ನಡದಲ್ಲಿ ಮಾತ್ರ ‘ಹೋಗಿದ್ದೆ’, ‘ನೋಡಿದ್ದೆ’, ‘ತಿಂದಿದ್ದೆ’ ಅಂತ ಸುಮ್ನೆ ಒಂದೇ ಸಂಗತಿಗೂ ಹೇಳುತ್ತೇವೆ. ‘ಹೋದ ವರ್ಷ ಮೈಸೂರಿಗೆ ಹೋಗಿದ್ದೆ’ ಅಂದರೆ ಹೋದೆ, ಬಂದೆ, ಅದು ಹಳೆಯ ಮಾತು ಅಂತ ಅರ್ಥ. ಇಂಗ್ಲಿಷಿನಲ್ಲಿ ಅದು ‘ಐ ವೆಂಟ್ ಟು ಮೈಸೂರು ಲಾಸ್ಟ್ ಇಯರ್.’ ‘ಐ ಹ್ಯಾಡ್ ಗಾನ್’ ಅಂದರೆ ಕೇಳುವವರು ‘ಆಮೇಲೆ ಏನಾಯ್ತು?’ ಅಂತ ಮುಂದಿನ ಸಂಗತಿಗೆ ಕಾಯುತ್ತಾರೆ. ನಮ್ಮ ಜಿಲ್ಲೆಗಳಲ್ಲಿ ಓದಿದ ಎಷ್ಟೋ ಒಳ್ಳೆಯ ಮಕ್ಕಳು ‘ಹ್ಯಾಡ್’ ಹಾಕಿದರೆ ಇಂಗ್ಲಿಷ್ ಗಟ್ಟಿಯಾಗುತ್ತೆ ಅಂತ ನಂಬಿಕೊಂಡಿರುತ್ತಾರೆ. ಅವರ ಪುಟಗಳಲ್ಲಿ ನಾನು ಅತಿ ಹೆಚ್ಚು ಸಲ ಹೊಡೆದು ಹಾಕಿದ ಪದ ಇದೇ ಇರಬೇಕು. ನೀವು ಮಾತಿನಲ್ಲಿ ಮುಂದಿನ ವಾರದ ಮಟ್ಟಿಗೆ ಅದನ್ನು ಪೂರ್ತಿ ಬಿಟ್ಟರೂ ಏನೂ ನಷ್ಟವಿಲ್ಲ.

ಹ್ಯಾವ್ ಬಹಳ ಚೆನ್ನಾಗಿ ಕೆಲಸಕ್ಕೆ ಬರುವ ಇನ್ನೊಂದು ಜಾಗ ಇದೆ. ಮಾತು ಶುರು ಮಾಡುವಾಗ. ಹೊರಗಿನಿಂದ ಬಂದವರನ್ನು ನಾವು ಏನು ಕೇಳುತ್ತೇವೆ? ‘ದಾವಣಗೆರೆ ಬೆಣ್ಣೆ ದೋಸೆ ತಿಂದಿದ್ದೀರಾ?’ ಯಾವಾಗ, ಎಲ್ಲಿ ಅಂತ ನಮಗೆ ಬೇಕಿಲ್ಲ. ಜೀವನದಲ್ಲಿ ಇವತ್ತಿನವರೆಗೆ ಒಮ್ಮೆಯಾದರೂ ತಿಂದಿದ್ದಾರಾ ಅನ್ನುವುದಷ್ಟೇ ಪ್ರಶ್ನೆ. ‘ಹ್ಯಾವ್ ಯೂ ಎವರ್ ಈಟನ್ ಬೆಣ್ಣೆ ದೋಸೆ?’ ಇಲ್ಲಿ ಕನ್ನಡವೂ ಇಂಗ್ಲಿಷೂ ಜೊತೆಯಾಗಿ ನಡೆಯುತ್ತವೆ. ಅವರು ‘ಯೆಸ್, ಐ ಹ್ಯಾವ್’ ಅಂತಾರೆ. ತಕ್ಷಣ ನಾವು ‘ಎಲ್ಲಿ ತಿಂದ್ರಿ? ಹೇಗಿತ್ತು?’ ಅಂತ ಕೇಳುತ್ತೇವೆ. ಆಗ ಟೆನ್ಸ್ ಬದಲಾಗುತ್ತದೆ. ‘ವೇರ್ ಡಿಡ್ ಯೂ ಈಟ್ ಇಟ್? ಹೌ ವಾಸ್ ಇಟ್?’ ಅಲ್ಲಿಂದ ಮುಂದಕ್ಕೆ ಇಡೀ ಕಥೆ ಸಿಂಪಲ್ ಪಾಸ್ಟ್‌ನಲ್ಲೇ. ಬಾಗಿಲು ತೆಗೆಯುವುದಕ್ಕೆ ಹ್ಯಾವ್, ಒಳಗೆ ಹೋದ ಮೇಲೆ ಸಿಂಪಲ್ ಪಾಸ್ಟ್. ಇಂಗ್ಲಿಷ್ ಪತ್ರಿಕೆಯ ಸುದ್ದಿ ಓದಿ ನೋಡಿ. ಎಷ್ಟೋ ಕಡೆ ಮೊದಲ ವಾಕ್ಯದಲ್ಲಿ ಹ್ಯಾಸ್ ಇರುತ್ತದೆ. ಎರಡನೇ ವಾಕ್ಯದಲ್ಲಿ ‘ಮಂಗಳವಾರ ಸಂಜೆ’ ಅಂತ ಬಂದ ಕೂಡಲೇ ಸಿಂಪಲ್ ಪಾಸ್ಟ್‌ಗೆ ಇಳಿಯುತ್ತಾರೆ.

ಊರುಗಳಿಗೆ ಹೋದ ಅನುಭವ ಹೇಳುವಾಗ ‘ಬೀನ್’ ಬಳಸಿ. ‘ಚಿತ್ರದುರ್ಗದ ಕೋಟೆಗೆ ಹೋಗಿದ್ದೀಯಾ?’ ಅಂದರೆ ‘ಹ್ಯಾವ್ ಯೂ ಬೀನ್ ಟು ಚಿತ್ರದುರ್ಗ ಫೋರ್ಟ್?’ ಹೋಗಿ ಬಂದಾಗಿದೆ. ‘ಅಪ್ಪ ಚಿತ್ರದುರ್ಗಕ್ಕೆ ಹೋಗಿದ್ದಾರೆ’ ಅಂದರೆ ‘ಮೈ ಫಾದರ್ ಹ್ಯಾಸ್ ಗಾನ್ ಟು ಚಿತ್ರದುರ್ಗ.’ ಇನ್ನೂ ವಾಪಸ್ ಬಂದಿಲ್ಲ, ಮನೆಯಲ್ಲಿಲ್ಲ. ಕನ್ನಡದಲ್ಲಿ ಎರಡಕ್ಕೂ ‘ಹೋಗಿದ್ದಾರೆ’ ಸಾಕು. ಇಂಗ್ಲಿಷಿನಲ್ಲಿ ಎದುರು ನಿಂತು ‘ಐ ಹ್ಯಾವ್ ಗಾನ್ ಟು ಮೈಸೂರು’ ಅನ್ನುವುದು ಹೊಂದುವುದಿಲ್ಲ, ಯಾಕಂದರೆ ನೀವು ಇಲ್ಲೇ ಇದ್ದೀರಿ.

ಉಳಿದದ್ದು ಸಣ್ಣಪುಟ್ಟದ್ದು. ಇವತ್ತು, ಈ ವಾರ, ಈ ವರ್ಷ ಇವೆಲ್ಲ ಇನ್ನೂ ಮುಗಿದಿಲ್ಲ, ಹ್ಯಾವ್ ಜೊತೆ ಕೂರುತ್ತವೆ. ‘ದಿಸ್ ಮಾರ್ನಿಂಗ್’ ಬೆಳಿಗ್ಗೆ ಹತ್ತಕ್ಕೆ ಹ್ಯಾವ್ ಜೊತೆ ಸರಿ, ಸಂಜೆ ಆರಕ್ಕೆ ಸರಿಯಲ್ಲ. ಆಗ ಬೆಳಿಗ್ಗೆ ಮುಗಿದಿರುತ್ತದೆ. ‘ಇದೇ ಮೊದಲ ಸಲ ಬರ್ತಿರೋದು’ ಅನ್ನುವುದಕ್ಕೆ ‘ದಿಸ್ ಈಸ್ ದಿ ಫಸ್ಟ್ ಟೈಮ್ ಐ ಹ್ಯಾವ್ ಕಮ್ ಹಿಯರ್.’ ಅಮೆರಿಕದವರು ಎಷ್ಟೋ ಸಲ ‘ಡಿಡ್ ಯೂ ಈಟ್ ಯೆಟ್?’ ಅನ್ನುತ್ತಾರೆ. ಸಿನಿಮಾದಲ್ಲಿ ಕೇಳಿದರೆ ಗಾಬರಿ ಬೇಡ. ಅವರಲ್ಲಿ ಅದು ಸರಿ. ನಮ್ಮ ಪಠ್ಯಪುಸ್ತಕ ಬ್ರಿಟಿಷ್ ವಾಡಿಕೆಯದು, ನೀವು ಹ್ಯಾವ್ ಹಾಕಿದರೆ ಎಲ್ಲ ಕಡೆಯೂ ನಡೆಯುತ್ತದೆ. ಮಾತಿನಲ್ಲಿ ‘ಐ ಹ್ಯಾವ್’ ಅನ್ನುವುದು ‘ಐವ್’ ಆಗಿ, ಆ ‘ವ್’ ಕಿವಿಗೆ ಬೀಳದಷ್ಟು ಸಣ್ಣದಾಗುತ್ತದೆ. ಫೋನಿನಲ್ಲಿ ಅವರು ‘ಐ ಸೀನ್’ ಅಂದ ಹಾಗೆ ಕೇಳಿದರೆ ಅದು ಹೆಚ್ಚಾಗಿ ‘ಐವ್ ಸೀನ್’ ಆಗಿರುತ್ತದೆ. ವಿ-3 ವಿಷಯದಲ್ಲಿ ‘ಹ್ಯಾವ್ ವೆಂಟ್’, ‘ಹ್ಯಾವ್ ಕೇಮ್’, ‘ಹ್ಯಾವ್ ಏಟ್’ ಈ ಮೂರು ತಪ್ಪು ಜಾಸ್ತಿ. ಗಾನ್, ಕಮ್, ಈಟನ್ ಅಂತ ಬಾಯಿಗೆ ರೂಢಿ ಮಾಡಿಕೊಳ್ಳಿ.

ಮುಂದಿನ ವಾರಕ್ಕೆ ನಿಮ್ಮ ಪರಿಚಯದ ಮಾತು ಹೀಗಿರಲಿ. ‘ಐ ಆಮ್ ಫ್ರಮ್ ದಾವಣಗೆರೆ. ಐ ಹ್ಯಾವ್ ಲಿವ್ಡ್ ಹಿಯರ್ ಸಿನ್ಸ್ ಐ ವಾಸ್ ಎ ಚೈಲ್ಡ್. ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2022. ಆಫ್ಟರ್ ದಟ್, ಐ ವರ್ಕ್ಡ್ ಇನ್ ಎ ಕ್ಲಾತ್ ಶಾಪ್ ಫಾರ್ ಟೂ ಇಯರ್ಸ್ ಅಂಡ್ ಕೆಪ್ಟ್ ದಿ ಅಕೌಂಟ್ಸ್. ಐ ಲೆಫ್ಟ್ ದಟ್ ಜಾಬ್.’ ಎರಡನೇ ವಾಕ್ಯದಲ್ಲಿ ಮಾತ್ರ ಹ್ಯಾವ್ ಇದೆ, ಯಾಕಂದರೆ ಅದೊಂದೇ ಇನ್ನೂ ಮುಗಿದಿಲ್ಲ. ಹುಟ್ಟಿದ್ದೇ ಇಲ್ಲಿ ಅಂತಾದರೆ ‘ಐ ವಾಸ್ ಬಾರ್ನ್ ಹಿಯರ್’ ಅನ್ನಿ. ‘ಹ್ಯಾವ್ ಬೀನ್ ಬಾರ್ನ್’ ಬೇಡ.

ಅವರು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಬಗ್ಗೆ ‘ಹ್ಯಾವ್ ಯೂ ಯೂಸ್ಡ್ ಟ್ಯಾಲಿ?’ ಅಂತ ಕೇಳಬಹುದು. ಬಳಸಿದ್ದರೆ ‘ಯೆಸ್, ಐ ಹ್ಯಾವ್’ ಅಂದು ಬಾಗಿಲು ತೆಗೆಯಿರಿ. ಆಮೇಲೆ ‘ಐ ಯೂಸ್ಡ್ ಇಟ್ ಎವ್ರಿ ಡೇ ಇನ್ ದಿ ಶಾಪ್’ ಅಂತ ಒಳಗೆ ಹೋಗಿ. ಜಿಎಸ್‌ಟಿ ರಿಟರ್ನ್ ಬಗ್ಗೆ ಕೇಳಿದರು, ನಿಮಗೆ ಬರುವುದಿಲ್ಲ ಅಂದುಕೊಳ್ಳಿ. ಆಗ ಕನ್ನಡದಲ್ಲಿ ಒಂದು ಕ್ಷಣ ಯೋಚಿಸಿ: ‘ಕಲಿಯಲಿಲ್ಲ’ ಅನ್ನಬೇಕಾ, ‘ಇನ್ನೂ ಕಲಿತಿಲ್ಲ’ ಅನ್ನಬೇಕಾ? ‘ಐ ಡಿಡ್ ನಾಟ್ ಲರ್ನ್ ಇಟ್’ ಅಂದರೆ ಕಲಿಯುವ ಕಾಲ ಬಂದು ಹೋಯಿತು ಅನ್ನುವ ಹಾಗಿರುತ್ತದೆ. ‘ಐ ಹ್ಯಾವ್ ನಾಟ್ ಲರ್ನ್ಡ್ ಇಟ್ ಯೆಟ್’ ಅನ್ನಿ.